ಒಂದೇ ಅಳತೆಯ ಆರು ಸೊನ್ನೆಗಳು

ಆರು ಸೊನ್ನೆಗಳೂ ಒಂದೇ ಅಳತೆಯಲ್ಲಿದ್ದವು. ಹಾಳೆಯ ಮೇಲಿನ ಅರ್ಧದಲ್ಲಿದ್ದ ಅಂಕಿಗಳು ಹಾಗಿರಲಿಲ್ಲ. ಅಲ್ಲಿ ಮೂರನ್ನು ಹೊಡೆದು ನಾಲ್ಕು ಮಾಡಿದ್ದರು. ಒಂದು ಕಡೆ ಪೆನ್ನು ಒತ್ತಿ ಕಾಗದ ಹಿಂಬದಿಗೆ ಉಬ್ಬಿತ್ತು. ಏಳನೆಯ ಪ್ರಶ್ನೆಯಿಂದ ಹನ್ನೆರಡನೆಯದರವರೆಗೆ ಮಾತ್ರ ಸೊನ್ನೆಗಳು, ಸಾಲಿಗೆ ನಿಲ್ಲಿಸಿದಂತೆ ಒಂದರ ಕೆಳಗೊಂದು. ಕೈಬರಹ ಅಚ್ಚುಕಟ್ಟಾಗಿದೆ ಎಂದುಕೊಂಡು ನಾನು ಹಾಳೆಯನ್ನು ಫೈಲಿಗೆ ಸೇರಿಸಿದೆ.

ಬೆಳಗಾವಿಯ ಸದಾಶಿವನಗರದ ಒಂದು ಚಿಕ್ಕ ಆಸ್ಪತ್ರೆಯಲ್ಲಿ ನಾನು ಮನಶ್ಶಾಸ್ತ್ರಜ್ಞೆ. ಮಂಗಳವಾರ ಮತ್ತು ಶುಕ್ರವಾರ ನಿವೃತ್ತ ಸೈನಿಕರನ್ನು ನೋಡುತ್ತೇನೆ. ಅವರಿಗೆ ಮೊದಲ ದಿನ ಕೊಡುವ ಹಾಳೆಯಲ್ಲಿ ಹನ್ನೆರಡು ಪ್ರಶ್ನೆಗಳಿರುತ್ತವೆ. ಪ್ರತಿಯೊಂದಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಒಂದು ಅಂಕಿ ಬರೆಯಬೇಕು. ಮೊದಲ ಆರು ಪ್ರಶ್ನೆಗಳು ನಡೆದ ಘಟನೆಯ ಬೆನ್ನು ಹತ್ತುತ್ತವೆ: ಅದು ಕನಸಿನಲ್ಲಿ ಬರುತ್ತದೆಯೇ, ಎಚ್ಚರದಲ್ಲೇ ಮತ್ತೆ ನಡೆದಂತೆ ಆಗುತ್ತದೆಯೇ, ಅದನ್ನು ನೆನಪಿಸುವ ಜಾಗಗಳಿಂದ ದೂರ ಇರುತ್ತೀರಾ, ಸದಾ ಕಾವಲಿನಲ್ಲಿದ್ದಂತೆ ಇರುತ್ತೀರಾ. ಇವು ಮಾತ್ರ ಇದ್ದರೆ ನಾವು ಸಾಮಾನ್ಯ ಪಿಟಿಎಸ್‌ಡಿ, ಅಂದರೆ ಆಘಾತದ ನಂತರ ಉಳಿದುಬಿಡುವ ಮನೋರೋಗ, ಎಂದು ಬರೆಯುತ್ತೇವೆ, ಅದನ್ನು ಹೊತ್ತವರಿಗೆ ಅದು ಸಾಮಾನ್ಯವಲ್ಲದಿದ್ದರೂ. ಉಳಿದ ಆರು ಪ್ರಶ್ನೆಗಳು ಮನುಷ್ಯನ ಬಗ್ಗೆಯೇ ಇವೆ. ಕೆರಳಿದ ಮನಸ್ಸು ತಣಿಯುತ್ತದೆಯೇ, ಒಳಗೆ ಮರಗಟ್ಟಿದಂತೆ ಇದೆಯೇ, ನಾನು ಸೋತವನು, ಯಾವುದಕ್ಕೂ ಬಾರದವನು ಎನಿಸುತ್ತದೆಯೇ, ಹತ್ತಿರದವರಿಂದಲೂ ದೂರವಾಗಿದ್ದೀರಾ. ಇವೂ ಇದ್ದರೆ ಅದು ಸಂಕೀರ್ಣ. ಎರಡಕ್ಕೂ ಚಿಕಿತ್ಸೆಯ ದಾರಿ ಒಂದೇ ಅಲ್ಲ, ಬೇಕಾಗುವ ಕಾಲವೂ ಒಂದೇ ಅಲ್ಲ. ಹಾಗಾಗಿ ಮೊದಲ ದಿನದ ಆ ವಿಂಗಡಣೆಯ ಮೇಲೆ ಬಹಳಷ್ಟು ನಿಂತಿರುತ್ತದೆ.

ಸೊನ್ನೆಗಳನ್ನು ಬರೆದವರು ಖಾನಾಪುರ ತಾಲೂಕಿನ ಕಾಡಂಚಿನ ಊರಿನವರು. ಸೈನ್ಯದಲ್ಲಿ ಹವಾಲ್ದಾರರಾಗಿದ್ದು, ಆರು ವರ್ಷದ ಹಿಂದೆ ನಿವೃತ್ತರಾಗಿ ಭತ್ತದ ಗದ್ದೆ ನೋಡಿಕೊಂಡಿದ್ದರು. ಒಂದು ಮದುವೆಯ ಮಂಟಪದಲ್ಲಿ ಪಟಾಕಿ ಸಿಡಿದಾಗ ಪಕ್ಕದಲ್ಲಿದ್ದ ಮಾವನನ್ನು ನೆಲಕ್ಕೆ ಕೆಡವಿ ಅವರ ಮೇಲೆ ಮಲಗಿಬಿಟ್ಟಿದ್ದರು; ಮುದುಕರ ಹೆಗಲಿನ ಎಲುಬು ಮುರಿದಿತ್ತು. ಹೆಂಡತಿಯೇ ಒತ್ತಾಯ ಮಾಡಿ ಕರೆದುಕೊಂಡು ಬಂದಿದ್ದರು.

ಬಾಗಿಲಲ್ಲಿ ಹವಾಲ್ದಾರರು ಹೊಸ್ತಿಲಿನಿಂದ ಒಂದು ಹೆಜ್ಜೆ ಹಿಂದೆ ನಿಂತರು. ಒಳಗ ಬರ್ರಿ ಎಂದು ಒಮ್ಮೆ ಹೇಳಿದರೆ ಬರಲಿಲ್ಲ, ಎರಡನೆಯ ಸಲಕ್ಕೆ ಬಂದರು. ಪ್ರತಿ ವಾರವೂ ಹಾಗೆಯೇ. ಫೈಲಿನಲ್ಲಿ ನಾನು ‘ಶಿಸ್ತಿನ ಮನುಷ್ಯ’ ಎಂದು ಬರೆದಿದ್ದೇನೆ. ಆ ಎರಡು ಪದಗಳು ಈಗಲೂ ಅಲ್ಲಿವೆ.

ಘಟನೆಯನ್ನು ಅವರು ವರದಿ ಒಪ್ಪಿಸುವಂತೆ ಹೇಳಿದರು. ಗುಡ್ಡದ ರಸ್ತೆ, ಮೂರು ವಾಹನಗಳ ಸಾಲು, ಮುಂದಿನದು ಸ್ಫೋಟಕ್ಕೆ ಸಿಕ್ಕಿತು, ಇವರು ಎರಡನೆಯದರಲ್ಲಿದ್ದರು. ಗಂಟೆ, ದೂರ, ಗಾಳಿಯ ದಿಕ್ಕು ಎಲ್ಲವೂ ಇತ್ತು. ಬೇರೆ ಏನಾದರೂ ಎಂದು ಕೇಳಿದೆ. ಇಲ್ಲ ಎಂದರು. ಮನೆಯಲ್ಲಿ ಹೇಗೆ ಎಂದು ಹೆಂಡತಿಯನ್ನು ಅವರೆದುರಿಗೇ ಕೇಳಿದೆ. ಎಲ್ಲಾ ಚಲೋ ಐತ್ರೀ ಎಂದು ಆಕೆ ಸೆರಗು ಸರಿಮಾಡಿಕೊಂಡರು. ಒಂದು ಘಟನೆ, ಕೆಳಗೆ ಆರು ಸೊನ್ನೆ, ಮನೆಯಲ್ಲಿ ಎಲ್ಲ ಚೆನ್ನ. ಸಾಮಾನ್ಯ ಎಂದು ಬರೆದು ಸಹಿ ಮಾಡಿದೆ.

ಅದಕ್ಕೆ ತಕ್ಕ ಚಿಕಿತ್ಸೆ ಶುರುವಾಯಿತು. ಕಣ್ಣು ಮುಚ್ಚಿ, ಆ ಘಟನೆ ಈಗಲೇ ನಡೆಯುತ್ತಿದೆ ಎಂಬಂತೆ ಮೊದಲಿನಿಂದ ಕೊನೆಯವರೆಗೆ ಹೇಳಬೇಕು. ಮುಗಿದ ಮೇಲೆ ಮತ್ತೆ ಹೇಳಬೇಕು. ನಡುನಡುವೆ ಸಂಕಟ ನೂರಕ್ಕೆ ಎಷ್ಟಿದೆ ಎಂದು ನಾನು ಕೇಳುತ್ತೇನೆ. ಹೇಳಿದ್ದನ್ನು ಧ್ವನಿಮುದ್ರಿಸಿ ಫೋನಿಗೆ ಹಾಕಿ ಕೊಡುತ್ತೇನೆ. ಮನೆಯಲ್ಲಿ ದಿನಕ್ಕೊಮ್ಮೆ ಕೇಳಬೇಕು. ಹೇಳುತ್ತಾ ಕೇಳುತ್ತಾ ನೆನಪಿನ ಮೊನೆ ಮೊಂಡಾಗುತ್ತದೆ. ವಾರದಿಂದ ವಾರಕ್ಕೆ ಸಂಕಟದ ಅಂಕಿ ಇಳಿಯುತ್ತದೆ ಎಂದು ಮೊದಲ ದಿನವೇ ಅವರಿಗೆ ಗ್ರಾಫ್ ಬರೆದು ತೋರಿಸಿದ್ದೆ.

ಅವರ ಅಂಕಿ ಇಳಿಯಿತು. ಎಂಬತ್ತು, ಅರವತ್ತು, ನಲವತ್ತು, ಇಪ್ಪತ್ತು. ನಾಲ್ಕನೆಯ ವಾರ ನಮ್ಮ ಹಿರಿಯ ವೈದ್ಯರಿಗೆ ನಾನು ಆ ಹಾಳೆ ತೋರಿಸಿದೆ. ಅರವತ್ತು ದಾಟಿದ ಮನೋವೈದ್ಯರು ಅವರು, ಹೊಗಳುವುದು ಕಡಿಮೆ. ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, ಭಾಳ ನೆಟ್ಟಗ ಇಳದೈತಲ್ಲ ಎಂದರು. ನಾನು ಅದನ್ನು ಮೆಚ್ಚುಗೆ ಎಂದುಕೊಂಡೆ.

ಐದನೆಯ ವಾರದ ನಂತರದ ಭಾನುವಾರ ಹವಾಲ್ದಾರರು ಬೆಳಗಿನ ಜಾವ ಮನೆಯಿಂದ ಹೋದವರು ಬರಲಿಲ್ಲ. ಸೋಮವಾರ ಮಧ್ಯಾಹ್ನ ಹೆಂಡತಿ ಆಸ್ಪತ್ರೆಗೆ ಫೋನ್ ಮಾಡಿದರು. ಸಂಬಂಧಿಕರನ್ನು ಕೇಳಿ ನೋಡ್ರಿ, ಠಾಣೆಗೂ ತಿಳಸ್ರಿ ಎಂದೆ. ಆ ಸಂಜೆ ರಾಮತೀರ್ಥ ನಗರದ ನನ್ನ ಕೋಣೆಯಲ್ಲಿ ಕುಳಿತು ಐದು ವಾರದ ಧ್ವನಿಮುದ್ರಣಗಳನ್ನು ಮೊದಲಿನಿಂದ ಕೇಳಿದೆ. ಐದೂ ಕಡೆ ಒಂದೇ ಮಾತು, ಒಂದೇ ಕ್ರಮ, ಒಂದೇ ಕಡೆ ಉಸಿರು. ನೆನಪು ಪ್ರತಿ ಸಲ ಸ್ವಲ್ಪವಾದರೂ ಬೇರೆ ಮಾತು ಹುಡುಕುತ್ತದೆ. ಇದು ನೆನಪಲ್ಲ, ವರದಿ. ನಾನು ಕೇಳಿದ್ದನ್ನು ಅವರು ಒಪ್ಪಿಸಿದ್ದರು. ಇಳಿಯಬೇಕು ಎಂದು ಗ್ರಾಫ್ ತೋರಿಸಿದ್ದೆ, ಇಳಿಸಿದ್ದರು. ನಡುವೆ ಅವ್ವನ ಫೋನ್ ಬಂತು. ದಿನಾ ಹೇಳುವಂತೆ ಅವಳಿಗೆ ಆರಾಮದೇನಿ ಎಂದು ಹೇಳಿ ಇಟ್ಟೆ.

ಹವಾಲ್ದಾರರು ಸೋಮವಾರ ಸಂಜೆಯ ಬಸ್ಸಿಗೆ ಮರಳಿದ್ದರು. ಮಂಗಳವಾರ ಹೆಂಡತಿ ಒಬ್ಬರೇ ಬಂದರು. ಬಾಗಿಲು ಹಾಕಿ, ಆಕೆಯನ್ನು ಗಂಡನಿಲ್ಲದೆ ಮೊದಲ ಬಾರಿಗೆ ಮಾತಾಡಿಸಿದೆ. ಗೋಕಾಕದ ಆಚೆಯ ಒಂದು ಊರಿಗೆ ಹೋಗಿದ್ದರಂತೆ. ಆ ಸ್ಫೋಟದಲ್ಲಿ ಸತ್ತ ಜವಾನನೊಬ್ಬನ ತಾಯಿಯ ಮನೆಗೆ. ಮನೆಯೆದುರು ರಸ್ತೆಯಲ್ಲಿ ದಿನವಿಡೀ ನಿಂತಿದ್ದರು. ಆ ಮುದುಕಿ ಗುರುತು ಹಿಡಿದು ಒಳಗೆ ಕರೆದರೂ ಹೋಗಲಿಲ್ಲ. ಹೊರಗೇ ನೀರು ಕುಡಿದು, ಊರಿನ ಬಸ್ ನಿಲ್ದಾಣದಲ್ಲಿ ಮಲಗಿ, ಮರುದಿನವೂ ಅಲ್ಲೇ ನಿಂತಿದ್ದು ವಾಪಸ್ಸು ಬಂದಿದ್ದರು.

ಯಾಕೆ ಹೋಗಿದ್ದರು ಎಂದು ಕೇಳಿದೆ. ಅದು ಆಕೆಗೆ ಗೊತ್ತಿರಲಿಲ್ಲ. ಆದರೆ ಒಳಗೆ ಹೋಗದಿದ್ದುದು ಆಕೆಗೆ ಹೊಸದಾಗಿರಲಿಲ್ಲ.

“ರಿಟೈರ್ ಆಗಿ ಬಂದ ದಿನದಿಂದ ನಮ್ಮ ಮನಿ ಒಳಗ ಕಾಲಿಟ್ಟಿಲ್ಲ ಅಕ್ಕಾರ,” ಎಂದರು. “ದನದ ಮನ್ಯಾಗ ಒಂದು ಕಾಟ್ ಹಾಕ್ಕೊಂಡಾರ. ಊಟ ಅಲ್ಲೇ, ನಿದ್ದಿ ಅಲ್ಲೇ. ಸಂಜಿ ಏಳಕ್ಕ ಅಂಗಳದಾಗ ನಿಂತು ‘ಸಬ್ ಠೀಕ್?’ ಅಂತಾರ. ನಾ ಒಳಗಿಂದ ‘ಠೀಕ್’ ಅಂತೇನಿ. ಮುಗೀತು ನಮ್ಮ ಸಂಸಾರ. ಮಗಳು ಸಣ್ಣಾಕಿ ಇದ್ದಾಗ ಅದೊಂದು ಆಟ ಅನಕೊಂಡು ತಾನೂ ಠೀಕ್ ಅಂತಿದ್ಲು. ಈಗ ಹೈಸ್ಕೂಲ್‌ಗೆ ಹೊಕ್ಕಾಳ. ಈಗ ಅನ್ನೂದಿಲ್ಲ.”

ಊರಿನ ಹೆಂಗಸರು, ನಿನ್ನ ಗಂಡ ಇನ್ನೂ ಡ್ಯೂಟಿ ಮ್ಯಾಲೇ ಅದಾನೇನು ಎಂದು ಚೇಷ್ಟೆ ಮಾಡುತ್ತಾರೆ ಎಂದೂ ಹೇಳಿದರು, ತಾವೂ ಸ್ವಲ್ಪ ನಕ್ಕರು. ಇದನ್ನೆಲ್ಲ ಮೊದಲ ದಿನ ಯಾಕೆ ಹೇಳಲಿಲ್ಲ ಎಂದು ನಾನು ಕೇಳಬಾರದಿತ್ತು, ಕೇಳಿದೆ.

“ನೀವು ಅವರ ಮುಂದ ಕೇಳಿದ್ರಿ. ಅವರ ಮುಂದ ನಾ ಠೀಕ್ ಅಂದ್ರ ಬ್ಯಾರೆ ಏನ್ ಅನ್ನಲಿ?”

ಆಕೆ ಹೋದ ಮೇಲೆ ಮೊದಲ ದಿನದ ಹಾಳೆ ತೆಗೆದುಕೊಂಡು ಹಿರಿಯ ವೈದ್ಯರ ಕೋಣೆಗೆ ಹೋದೆ. ನಡೆದದ್ದನ್ನು ಕ್ರಮವಾಗಿ ಹೇಳಿದೆ. ಅವರು ಸೊನ್ನೆಗಳ ಮೇಲೆ ಬೆರಳಿಟ್ಟರು.

“ಆರಾಮ ಇದ್ದಾಂವ ಇಲ್ಲೆ ಸೊನ್ನಿ ಹಾಕೂದಿಲ್ಲ ನೋಡು. ಒಂದು ಹಾಕ್ತಾನ, ಎರಡು ಹಾಕ್ತಾನ. ನಾನು ಸೋತವನು ಅನಸತೈತೇನು ಅಂದ್ರ ನಾನ ಎರಡು ಹಾಕ್ತೇನಿ. ಆರಕ್ಕ ಆರೂ ಸೊನ್ನಿ ಅಂದ್ರ ಅದು ಉತ್ತರ ಅಲ್ಲ. ಬಾಗಲಾ ಹಾಕ್ಕೊಂಡಾನ.”

ಸೈನ್ಯದಲ್ಲಿ ವರ್ಷವರ್ಷ ವೈದ್ಯಕೀಯ ತಪಾಸಣೆ ಇರುತ್ತದೆ, ದೇಹದ ಬಗ್ಗೆ ಮನಸ್ಸಿನ ಬಗ್ಗೆ ಏನಾದರೂ ಬಾಯಿ ಬಿಟ್ಟರೆ ಮನುಷ್ಯನ ದರ್ಜೆ ಇಳಿಯುತ್ತದೆ, ಜತೆಯವರ ನಡುವೆ ಅವನು ಬೇರೆಯಾಗುತ್ತಾನೆ ಎಂದು ಅವರು ವಿವರಿಸಿದರು. ಇಪ್ಪತ್ತು ವರ್ಷ ಹಾಗೆ ಮೇಜಿನಾಚೆ ಹಾಳೆ ಹಿಡಿದು ಕೂತವರಿಗೆ ‘ಏನೂ ಇಲ್ಲ’ ಎಂದು ಹೇಳಿ ಬಂದವನಿಗೆ ನಾನೂ ಮೇಜಿನಾಚೆ ಹಾಳೆ ಹಿಡಿದು ಕೂತವಳೇ. ಘಟನೆಯ ಬಗ್ಗೆ ಕೇಳಿದರೆ ಹೇಳಬಹುದು, ಅದು ದಾಖಲೆಯಲ್ಲಿದೆ. ತನ್ನ ಬಗ್ಗೆ ಕೇಳಿದರೆ ಸೊನ್ನೆ. ಘಟನೆ ಒಂದೇ ಇದ್ದುದರಿಂದ ಸಾಮಾನ್ಯ ಎಂದುಕೊಂಡದ್ದು ನನ್ನ ಎರಡನೆಯ ತಪ್ಪು. ವಿಂಗಡಣೆ ಮಾಡುವುದು ಘಟನೆಗಳನ್ನು ಎಣಿಸಿ ಅಲ್ಲ, ಮನುಷ್ಯನಲ್ಲಿ ಏನು ಉಳಿದಿದೆ ಎಂದು ನೋಡಿ. ಇದು ನನಗೆ ಗೊತ್ತಿತ್ತು. ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೆ.

ಘಟನೆ ಹೇಳಿಸುವುದನ್ನು ಅಂದೇ ನಿಲ್ಲಿಸಿದೆವು. ಫೈಲಿನಲ್ಲಿ ‘ಲಕ್ಷಣಗಳು ಬದಲಾಗಿವೆ’ ಎಂದು ಬರೆದರೆ ಸಾಕು ಎಂದು ಹಿರಿಯರು ಹೇಳಿದರು. ಅದು ನನ್ನನ್ನು ಕಾಪಾಡುವ ಮಾತು. ನಾನು ‘ಮೊದಲ ನಿರ್ಣಯ ತಪ್ಪಾಗಿತ್ತು’ ಎಂದು ಬರೆದು ಸಹಿ ಹಾಕಿದೆ. ಅವರು ಕೆಳಗೆ ತಮ್ಮ ಸಹಿಯನ್ನೂ ಹಾಕಿದರು. ಶುಕ್ರವಾರ ಹವಾಲ್ದಾರರನ್ನು ಕರೆತರುವಂತೆ ಹೆಂಡತಿಗೆ ಫೋನ್ ಮಾಡಿದೆ.

ಶುಕ್ರವಾರ ಬರುವುದರೊಳಗೆ ಒಂದು ವಿಷಯ ನಿರ್ಧರಿಸಿದ್ದೆ: ಮೇಜಿನಾಚೆ ಕೂರುವುದಿಲ್ಲ. ಆಸ್ಪತ್ರೆಯ ಹಿಂದೆ ಒಗೆದ ಹೊದಿಕೆಗಳನ್ನು ಒಣಹಾಕುವ ಪಡಸಾಲೆಯಿದೆ. ಅಲ್ಲಿಗೆ ಎರಡು ಕುರ್ಚಿ ಒಯ್ದು, ಎದುರುಬದುರಾಗಿ ಅಲ್ಲದೆ ಪಕ್ಕಪಕ್ಕ ಹಾಕಿದೆ. ಅವರು ಬಂದು, ಒಂದೇ ಸಲ ಹೇಳಿದ್ದಕ್ಕೆ ಕುಳಿತರು. ಗಡ್ಡ ನುಣ್ಣಗೆ ಬೋಳಿಸಿತ್ತು. ಕಣ್ಣು ಒಳಗೆ ಹೋಗಿದ್ದವು.

ನಾನು ಅದೇ ಹನ್ನೆರಡು ಪ್ರಶ್ನೆಗಳ ಖಾಲಿ ಹಾಳೆ ಕೊಟ್ಟು, ಇದನ್ನು ನಿಮ್ಮ ಬಗ್ಗೆ ತುಂಬಬ್ಯಾಡ್ರಿ ಎಂದೆ. ನಿಮ್ಮ ಕೈಕೆಳಗಿನ ಒಬ್ಬ ಜವಾನ ಎಂದುಕೊಳ್ಳಿ. ಅದೇ ರಸ್ತೆ ಕಂಡವನು. ಆರು ವರ್ಷದಿಂದ ಮನೆಯ ಒಳಗೆ ಹೋಗಿಲ್ಲ. ಮಗಳು ಅವನ ಜೊತೆ ಮಾತಾಡುವುದಿಲ್ಲ. ಅವನು ತಾನಾಗಿ ಏನೂ ಹೇಳುವುದಿಲ್ಲ. ಹವಾಲ್ದಾರರಾಗಿ ಅವನ ಬಗ್ಗೆ ನೀವು ವರದಿ ಕೊಡಬೇಕು.

ಅವರು ಹಾಳೆಯನ್ನು ಮೊಣಕಾಲ ಮೇಲೆ ಇಟ್ಟುಕೊಂಡು ತುಂಬಲು ತೊಡಗಿದರು. ಏಳನೆಯದಕ್ಕೆ ಎರಡು. ಎಂಟಕ್ಕೆ ನಾಲ್ಕು. ಒಂಬತ್ತನೆಯದು ‘ಸೋತವನು’, ಅಲ್ಲಿ ಪೆನ್ನು ನಿಂತಿತು, ನಂತರ ನಾಲ್ಕು ಬಿತ್ತು. ಹತ್ತಕ್ಕೆ ನಾಲ್ಕು. ಹನ್ನೊಂದಕ್ಕೆ, ಹನ್ನೆರಡಕ್ಕೆ ನಾಲ್ಕು. ಈ ಅಂಕಿಗಳಲ್ಲಿ ಒಂದೂ ಇನ್ನೊಂದರ ಅಳತೆಯಲ್ಲಿರಲಿಲ್ಲ.

ಈ ಜವಾನ ಯಾಕೆ ಮನೆಯೊಳಗೆ ಹೋಗುವುದಿಲ್ಲ ಎಂದು ಕೇಳಿದೆ. ಅವರು ತಂತಿಯ ಮೇಲಿನ ಹೊದಿಕೆಗಳ ಕಡೆ ನೋಡುತ್ತಾ ಹೇಳಿದರು.

“ಯುನಿಟ್‌ನಾಗ ಕನ್ನಡನೂ ಮರಾಠಿನೂ ಬರತಿದ್ದದ್ದು ನನಗೊಬ್ಬಗ ಮೇಡಂ. ಈ ಕಡೀ ಹುಡುಗ ಯಾವನರ ಹೋದಾ ಅಂದ್ರ ಹೆಣದ ಪೆಟಗಿ ಜೋಡಿ ನನ್ನ ಕಳಸತಿದ್ರು. ಮನೀ ಮಂದಿ ಜೋಡಿ ಅವರ ಮಾತಿನಾಗ ಮಾತಾಡೂ ಮನಷ್ಯಾ ಬೇಕಲ್ಲ. ಒಂಬತ್ತು ಸಲ ಬಂದೇನಿ.”

ಅವರು ಮೊಣಕಾಲ ಮೇಲಿನ ಹಾಳೆಯ ಅಂಚನ್ನು ಸರಿಮಾಡಿಕೊಂಡರು.

“ತಾಯಂದ್ರು ಕೇಳೂದು ಒಂದ ಮಾತು. ಭಾಳ ತ್ರಾಸ ಆತೇನು ಅವಗ, ಅಂತ. ಇಲ್ಲ ಯವ್ವಾ, ಗೊತ್ತ ಆಗಲಿಲ್ಲ ಅವಗ, ಅಂತಿದ್ದೆ. ಕನ್ನಡದಾಗ ಐದು ಸಲ ಅಂದೇನಿ. ಮರಾಠಿಯಾಗ ನಾಕು ಸಲ. ಖರೇ ಹೇಳಬೇಕು ಅಂತ ಮೊನ್ನಿ ಹೋಗಿದ್ದೆ. ಆ ಹುಡುಗ ನನ್ನ ಕೈಯಾಗ ಅರ್ಧಾ ತಾಸು ಜೀವಾ ಹಿಡಕೊಂಡು ಇದ್ದ. ಆ ಮುದುಕಿ ನೀರು ಕೊಟ್ಟಳು. ಹೇಳಾಕ ಆಗಲಿಲ್ಲ,” ಎಂದರು.

ಆ ಅರ್ಧ ತಾಸು ಅವರ ಐದು ವಾರದ ವರದಿಯಲ್ಲಿ ಎಲ್ಲೂ ಇರಲಿಲ್ಲ. ನಾನು ಹೇಳಿಸುತ್ತಿದ್ದುದು ಸ್ಫೋಟವನ್ನು. ಅದರ ಸುತ್ತ ಕಲಕಿ, ಅದರ ಕೆಳಗಿನದಕ್ಕೆ ಯಾವ ಆಸರೆಯನ್ನೂ ಕೊಡದೆ, ದಿನಕ್ಕೊಮ್ಮೆ ಕೇಳಿ ಎಂದು ಫೋನಿಗೆ ಹಾಕಿ ಕಳಿಸಿದ್ದೆ. ಅವರು ಆಜ್ಞೆಯನ್ನು ತಪ್ಪದೆ ಪಾಲಿಸಿದ್ದರು. ಆ ಮುದುಕಿಗೆ ಅವರು ಅದನ್ನು ಹೇಳಿಬಿಟ್ಟಿದ್ದರೆ ಎಂಬುದನ್ನು ನಾನು ಇವತ್ತಿಗೂ ಪೂರ್ತಿಯಾಗಿ ಯೋಚಿಸುವುದಿಲ್ಲ.

“ನಾ ಹೊಸ್ತಲಾ ದಾಟಿದ ಮನಿ ಒಂದೂ ನೆಟ್ಟಗ ಉಳದಿಲ್ಲ ಮೇಡಂ,” ಎಂದರು. “ನನ್ನ ಮನಿ ಒಂದ ಉಳದೈತಿ.”

ಹಾಳೆ ಇನ್ನೂ ಅವರ ಮೊಣಕಾಲ ಮೇಲಿತ್ತು. ವರದಿ ಮುಗಿಯಿತು, ಇಂಥ ಜವಾನ ನಿಮ್ಮ ಮುಂದೆ ಬಂದು ನಿಂತರೆ ಮೊದಲು ಏನು ಮಾಡುತ್ತೀರಿ ಎಂದು ಕೇಳಿದೆ. ಅವನನ್ನು ಕೂಡಿಸಿ ಮಾತಾಡಿಸುತ್ತೇನೆ ಎಂಬಂಥ ಉತ್ತರ ನನ್ನ ಮನಸ್ಸಿನಲ್ಲಿತ್ತು.

“ಮೊದಲ ಅವನ ಹತಿಯಾರ ತಗೊಂಡು ಇಡ್ತೇನಿ,” ಎಂದರು. ಯೋಚಿಸಲಿಲ್ಲ.

ನಾನು ಧ್ವನಿ ಏರಿಸದೆ ಕೇಳಿದೆ: ನಿಮ್ಮ ಮನ್ಯಾಗ ಹತಿಯಾರ ಐತೇನ್ರಿ? ಇದೆ ಎಂದರು. ಗದ್ದೆಗೆ ಹಂದಿ ನುಗ್ಗುತ್ತವೆಂದು ನೌಕರಿಯಲ್ಲಿದ್ದಾಗಲೇ ಲೈಸೆನ್ಸ್ ಮಾಡಿಸಿ ತೆಗೆದುಕೊಂಡ ಜೋಡಿ ನಳಿಗೆಯ ಬಂದೂಕು. ದನದ ಕೊಟ್ಟಿಗೆಯಲ್ಲಿ, ಮಂಚದ ತಲೆಯ ಬದಿಗೆ. ಅದನ್ನು ನಿಮ್ಮ ಮೇಲೆ ಉಪಯೋಗಿಸುವ ವಿಚಾರ ಬಂದಿದೆಯೇ ಎಂದು ಕೇಳಿದೆ. ಈ ಪ್ರಶ್ನೆಯನ್ನು ಮೊದಲ ದಿನವೂ ಕೇಳಿದ್ದೆ, ಹಾಳೆಯಿಂದ ಓದಿ. ಆಗ ಇಲ್ಲ ಎಂದಿದ್ದರು. ಈಗ ಅವರು ಎರಡು ಬೆರಳು ಎತ್ತಿ ತೋರಿಸಿದರು. ಈ ವಾರದಲ್ಲಿ ಎರಡು ಸಲ.

ಮುಂದಿನ ಎರಡು ಗಂಟೆ ಬರೀ ಕೆಲಸ. ಹಿರಿಯ ವೈದ್ಯರು ಬಂದು ಅವರೊಂದಿಗೆ ಕುಳಿತರು. ಆಸ್ಪತ್ರೆಯಲ್ಲೇ ಉಳಿಯಲು ಅವರು ಒಪ್ಪಿದರು. ಅವರ ಹಾಸಿಗೆಯ ಪಕ್ಕದಲ್ಲಿ ಒಬ್ಬರು ಸದಾ ಇರುವಂತೆ ಏರ್ಪಾಡು ಮಾಡಿದೆವು. ಹೊರಗೆ ಬೆಂಚಿನ ಮೇಲಿದ್ದ ಹೆಂಡತಿಗೆ ವಿಷಯವನ್ನು ಅವರೆದುರಿಗೆ, ಅವರ ಅನುಮತಿ ಕೇಳಿ ಹೇಳಿದೆ. ಆಕೆ ಅಳಲಿಲ್ಲ. ಕೊಟ್ಟಿಗೆಯ ಕೀಲಿ ಕೇಳಿ ಇಸಿದುಕೊಂಡು, ಸೊಂಟಕ್ಕೆ ಸಿಕ್ಕಿಸಿ, ಮಗಳು ಸಾಲಿಯಿಂದ ಬರೂ ಹೊತ್ತಾತು ಎಂದು ಬಸ್ಸಿಗೆ ಹೊರಟರು. ಬಂದೂಕನ್ನು ಮುಟ್ಟಬಾರದು, ಬಾಗಿಲಿಗೆ ಬೀಗ ಹಾಕಿದರೆ ಸಾಕು ಎಂದು ಎರಡು ಸಲ ಹೇಳಿದೆ. ಹಿರಿಯರು ಆ ಊರಿನ ಠಾಣೆಗೆ ಫೋನ್ ಮಾಡಿ, ಲೈಸೆನ್ಸುದಾರ ತಾನಾಗಿ ಆಯುಧ ಒಪ್ಪಿಸುತ್ತಿದ್ದಾನೆ, ಬೆಳಿಗ್ಗೆ ಒಬ್ಬರನ್ನು ಮನೆಗೇ ಕಳಿಸಿ ಎಂದು ಕೇಳಿಕೊಂಡರು. ಆರು ಗಂಟೆಗೆ ಆಕೆಯ ಫೋನ್ ಬಂತು. ಬೀಗ ಹಾಕಿದೆ ಎಂದರು.

ಏಳು ಗಂಟೆಗೆ ನಾನು ವಾರ್ಡಿನಲ್ಲಿದ್ದೆ. ಅವರು ಹಾಸಿಗೆಯ ಪಕ್ಕದಲ್ಲಿ ನಿಂತು ಗೋಡೆ ಗಡಿಯಾರ ನೋಡುತ್ತಿದ್ದರು. ಕೂತುಕೊಳ್ಳಿ ಎಂದೆ. ಕೂತರು. ಈ ಹೊತ್ತಿಗೆ ಮನೆಯ ಅಂಗಳದಲ್ಲಿ ‘ಸಬ್ ಠೀಕ್?’ ಎಂದು ಕೇಳುವವರಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಆಯುಧ ಒಪ್ಪಿಸುವಾಗ ಲೈಸೆನ್ಸುದಾರ ಎದುರಿಗಿರಬೇಕು ಎಂದು ಠಾಣೆಯವರು ಹೇಳಿದ್ದರಿಂದ, ಸಂಜೆಯೊಳಗೆ ವಾರ್ಡಿಗೆ ಮರಳುವಂತೆ, ಮರುದಿನ ಬೆಳಿಗ್ಗೆ ಎಂಟರ ಬಸ್ಸಿಗೆ ಅವರೊಂದಿಗೆ ನಾನೂ ನಮ್ಮ ವಾರ್ಡಿನ ಒಬ್ಬ ಸಹಾಯಕರೂ ಖಾನಾಪುರಕ್ಕೆ ಹೊರಟೆವು. ಪೀರನವಾಡಿ ದಾಟಿದ ಮೇಲೆ ಅವರು, ಭತ್ತಕ್ಕ ಹಾಲು ತುಂಬೈತಿ, ಹಂದಿ ಬರೂ ಟೈಮ್ ಇದ ಎಂದರು. ಖಾನಾಪುರದಿಂದ ರಿಕ್ಷಾ ಮಾಡಿಕೊಂಡು ಊರಿಗೆ ಹೋದಾಗ ಪೊಲೀಸ್ ಪೇದೆ ಬಂದು ಅಂಗಳದ ಕಟ್ಟೆಯ ಮೇಲೆ ಕುಳಿತಿದ್ದ. ಹೆಂಡತಿ ಕೀಲಿಯನ್ನು ಗಂಡನಿಗಲ್ಲ, ಪೇದೆಗೆ ಕೊಟ್ಟರು. ಅವನು ಬಂದೂಕು ತಂದು, ಮಡಚಿ, ನಳಿಗೆಗಳಲ್ಲಿ ಬೆಳಕು ಹಾಯುವುದನ್ನು ನೋಡಿ, ಗೋಣಿಚೀಲದಲ್ಲಿ ಸುತ್ತಿದ. ಹವಾಲ್ದಾರರು ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದರು.

“ಹಂದಿ ಬಂದ್ರ ಏನ್ ಮಾಡ್ತೀರಿ ಸಾಹೇಬ್ರ?” ಎಂದ ಪೇದೆ. “ಡಬ್ಬಿ ಬಡೀರಿ. ನಮ್ಮಪ್ಪ ಡಬ್ಬೀನ ಬಡೀತಿದ್ದ.”

ಲೈಸೆನ್ಸಿನ ಪುಸ್ತಕ ಬೇಕಾಯಿತು. ಅದು ಮನೆಯೊಳಗೆ, ಅವರ ಟ್ರಂಕಿನಲ್ಲಿತ್ತು. ಎಲ್ಲರೂ ಅವರ ಕಡೆ ನೋಡಿದೆವು. ಅವರು ಅಂಗಳದಿಂದಲೇ, ಕಪಾಟದ ಮ್ಯಾಲಿನ ಕರೀ ಟ್ರಂಕ್, ಹಸರು ಅರಿವಿ ಕೆಳಗ ಎಂದು ಒಳಗಿನ ಕತ್ತಲಿಗೆ ಹೇಳಿದರು. ಒಳಗೆ ಟ್ರಂಕು ಎಳೆದ ಸದ್ದಾಯಿತು. ಮಗಳು ಪುಸ್ತಕ ಹಿಡಿದು ಹೊಸ್ತಿಲಿಗೆ ಬಂದು ನಿಂತಳು. ಪೇದೆ ಕೈ ಚಾಚಿದ. ಅವಳು ಅವನಿಗೆ ಕೊಡಲಿಲ್ಲ. ಮೆಟ್ಟಿಲು ಇಳಿದು ಬಂದು ಅಪ್ಪನ ಕೈಯಲ್ಲಿಟ್ಟು ಒಳಗೆ ಹೋದಳು. ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಪೇದೆ ಎರಡು ಸಲ ಕೇಳಬೇಕಾಯಿತು.

ಪೇದೆ ಹೋದ ಮೇಲೆ ಹೆಂಡತಿ ನನ್ನನ್ನು ಒಳಗೆ ಕರೆದು ಕುರ್ಚಿ ಹಾಕಿ ಚಹಾ ಕೊಟ್ಟರು. ಬಾಗಿಲ ಚೌಕಟ್ಟಿನಲ್ಲಿ ಹವಾಲ್ದಾರರು ಕಾಣುತ್ತಿದ್ದರು, ಅಂಗಳದ ಬಿಸಿಲಿನಲ್ಲಿ, ಹೊಸ್ತಿಲಿನಿಂದ ನಾಲ್ಕು ಹೆಜ್ಜೆ ಆಚೆ. ನಾನು ಕಪ್ಪು ಹಿಡಿದು ಹೊರಗೆ ಬಂದು, ಅವರು ನಿಂತಿದ್ದಷ್ಟೇ ದೂರದಲ್ಲಿ ಕಟ್ಟೆಯ ಮೇಲೆ ಕುಳಿತು ಫೈಲು ತೆರೆದೆ. ಇದು ಬಹಳ ದಿನ ಹಿಡಿಯುತ್ತದೆ, ಅಂಕಿ ಇಳಿಯುತ್ತದೆ ಎಂದು ಈ ಸಲ ನಾನು ಹೇಳುವುದಿಲ್ಲ ಎಂದೆ. ಆಮೇಲೆ, ಈಗ ಹ್ಯಾಂಗ ಅನಸ್ತದ ಎಂದು ಕೇಳಿದೆ.

ಅವರು ಬಾಯಿ ತೆರೆದು, ಮುಚ್ಚಿದರು. ಇಪ್ಪತ್ತಾರು ವರ್ಷದ ಅಭ್ಯಾಸದ ಆ ‘ಠೀಕ್’ ಎಂಬ ಪದ ಅವರ ನಾಲಿಗೆಯ ತುದಿಗೆ ಬಂದದ್ದು ನನಗೆ ಕಂಡಿತು.

“ಗೊತ್ತಿಲ್ಲ,” ಎಂದರು.

ನಾನು ತಾರೀಖು ಹಾಕಿ, ಅದನ್ನೇ ಬರೆದುಕೊಂಡೆ.